ಕುಚ್ಚಿನ ದುಡ್ಡಲ್ಲಿ ಕಾಂಚನಜುಂಗಾ

ಮಗಳ ಮದುವೆಗೆ ಅಂತ ದುಡ್ಡು ಕೂಡಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಸೈಟಿಗೆ, ಬಂಗಾರಕ್ಕೆ, ಮಗನ ಓದಿಗೆ, ಮನೆಯ ಹೆಂಚು ತೆಗೆಸಿ ಸ್ಲ್ಯಾಬ್ ಹಾಕಿಸೋದಕ್ಕೆ ಅಂದರೆ ಹೊಗಳುತ್ತಾರೆ. ಕಾಶಿಗೆ ಅಂದರೆ ಕೈ ಮುಗಿಯುತ್ತಾರೆ. ಅದೇ, ಒಂದು ಊರು ನೋಡಿ ಬರೋದಕ್ಕೆ ವರ್ಷಗಟ್ಟಲೆಯಿಂದ ದುಡ್ಡು ಕಟ್ಟುತ್ತಿದ್ದೇನೆ ಅಂತ ಹೇಳಿ ನೋಡಿ. "ಅಷ್ಟು ದುಡ್ಡು ಸುರಿದು ನೋಡೋಕೆ ಅಲ್ಲಿ ಏನಿದೆ?" ಅಂತ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದ ಕೇಳುವುದಲ್ಲ. ಸುಖಕ್ಕೆ ಅಂತ ದುಡ್ಡು ತೆಗೆದಿಡುವುದು ನಮ್ಮ ಮನೆಗಳಲ್ಲಿ ರೂಢಿಯೇ ಇಲ್ಲ, ಅದಕ್ಕೆ.

ನಾವು ಹೋಗಬೇಕೆಂದಿರುವುದು ಡಾರ್ಜಿಲಿಂಗಿಗೆ. ಇನ್ನೂ ಹೋಗಿಲ್ಲ. ಹೋಗಿ ಬಂದ ಮೇಲೆ ಬರೆಯುವವರು ಬಹಳ ಜನ ಇದ್ದಾರೆ. ನನಗೆ ಈ ಕೂಡಿಡುವ ಕಾಲದ ಬಗ್ಗೆಯೇ ಬರೆಯಬೇಕು ಅನಿಸಿದೆ, ಯಾಕೆಂದರೆ ಪ್ರವಾಸಕ್ಕಿಂತ ಈ ಕಾಲವೇ ಉದ್ದ, ಮತ್ತು ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಮ್ಮದು ಶಿರಸಿ. ನಾನು ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ನಮ್ಮನೆಯವರದು ಬಾಡಿಗೆ ಹೊಡೆಯುವ ಗೂಡ್ಸ್ ಗಾಡಿ. ಅಡಿಕೆ ಚೀಲ, ಸಿಮೆಂಟು, ಮದುವೆ ಮನೆ ಪಾತ್ರೆ, ಏನಿದ್ದರೂ ಸರಿ. ಮನೆಯಲ್ಲಿ ಅತ್ತೆ, ಪಿಯುಸಿ ಓದುವ ಮಗಳು, ಹೈಸ್ಕೂಲಿನ ಮಗ. ಐದು ಜನ. ಇಬ್ಬರ ದುಡಿಮೆಯೂ ದಿನದ ಲೆಕ್ಕದ್ದು. ಸಂಬಳ ಅಂತ ಒಂದನೇ ತಾರೀಖು ಬರುವುದಿಲ್ಲ. ಇದನ್ನು ಹೇಳುವುದಕ್ಕೆ ಕಾರಣ ಇದೆ. ದುಡ್ಡು ಉಳಿಸುವ ಬಗ್ಗೆ ಸಿಗುವ ಸಲಹೆಗಳೆಲ್ಲ "ಸಂಬಳ ಬಂದ ಕೂಡಲೇ ಇಷ್ಟು ಪರ್ಸೆಂಟ್ ತೆಗೆದಿಡಿ" ಅಂತಲೇ ಶುರುವಾಗುತ್ತವೆ. ನಮ್ಮಂಥವರಿಗೆ ಅದು ಹೊಂದುವುದಿಲ್ಲ. ಆಷಾಢದಲ್ಲಿ ಅಂಗಡಿಗೆ ಒಂದು ಬ್ಲೌಸ್ ಬರುವುದೂ ಕಷ್ಟ. ಜೂನ್‌ನಲ್ಲಿ ಸ್ಕೂಲ್ ಯೂನಿಫಾರ್ಮು ಬಂದು ರಾಶಿ ಬೀಳುತ್ತದೆ. ಏಪ್ರಿಲ್, ಮೇ ಮದುವೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರೆ ಊರಿಗೆ ಊರೇ ಹೊಸ ಬಟ್ಟೆ ಹೊಲಿಸುತ್ತದೆ. ಆಗ ರಾತ್ರಿ ಹನ್ನೆರಡಾದರೂ ಮಷಿನ್ ನಿಲ್ಲುವುದಿಲ್ಲ. ಅದೇ ಜಾತ್ರೆಗೆ ನಮ್ಮ ಮನೆಗೂ ನೆಂಟರು ಬರುತ್ತಾರೆ, ಮಕ್ಕಳಿಗೆ ತೊಟ್ಟಿಲು, ತಿಂಡಿ, ಆಟದ ಸಾಮಾನು. ಬಂದದ್ದರಲ್ಲಿ ಎಷ್ಟೋ ಪಾಲು ಅಲ್ಲೇ ಹೋಗುತ್ತದೆ.

ಡಾರ್ಜಿಲಿಂಗ್ ಯಾಕೆ ಅಂದರೆ ಎರಡು ಕಾರಣ. ಹಿಮ ಮತ್ತು ರೈಲು.

ಶಿರಸಿಗೆ ರೈಲಿಲ್ಲ. ನಮ್ಮ ಕಡೆಯವರು ರೈಲು ಹತ್ತಬೇಕು ಅಂದರೆ ತಾಳಗುಪ್ಪಕ್ಕೋ ಹುಬ್ಬಳ್ಳಿಗೋ ಹೋಗಬೇಕು. ತಾಳಗುಪ್ಪದಿಂದ ಶಿರಸಿ ಮೇಲೆ ಹುಬ್ಬಳ್ಳಿಗೆ ಲೈನ್ ಬರುತ್ತದೆ ಅಂತ ನಾನು ಸಣ್ಣವಳಿದ್ದಾಗಿನಿಂದ ಕೇಳುತ್ತಿದ್ದೇನೆ. ರೈಲಿಲ್ಲದ ಊರಿನವರಿಗೆ ರೈಲು ಹತ್ತುವುದೇ ಅರ್ಧ ಪ್ರವಾಸ. ಅಂಥದ್ದರಲ್ಲಿ ಡಾರ್ಜಿಲಿಂಗಿನ ಆ ಪುಟಾಣಿ ರೈಲಿನ ವಿಡಿಯೋ ನೋಡಿದ ದಿನವೇ ಮಗ ಹಟ ಹಿಡಿದ. ಎರಡೇ ಅಡಿ ಅಗಲದ ಹಳಿ. ಮನೆಗಳ ಜಗಲಿ ಪಕ್ಕದಲ್ಲಿ, ತರಕಾರಿ ಅಂಗಡಿಯ ಮುಂದೆ, ರಸ್ತೆಯನ್ನು ಅಡ್ಡ ದಾಟಿಕೊಂಡು ಹೋಗುತ್ತದೆ. 1879ರಲ್ಲಿ ಕಟ್ಟಲು ಶುರು ಮಾಡಿ 1881ರಲ್ಲಿ ಡಾರ್ಜಿಲಿಂಗ್ ತನಕ ಮುಟ್ಟಿಸಿದ್ದಾರೆ. 1999ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಬೆಟ್ಟ ತೀರಾ ಕಡಿದಾಗಿರುವ ಕಡೆ ರೈಲು ಸ್ವಲ್ಪ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ ಎತ್ತರ ಏರುತ್ತದೆ. ಘೂಮ್ ಅನ್ನುವ ಸ್ಟೇಷನ್ 7,407 ಅಡಿ ಎತ್ತರದಲ್ಲಿದೆ. ನಮ್ಮ ದೇವಿಮನೆ ಘಟ್ಟ ಇಳಿಯುವಾಗ ಬಸ್ಸಲ್ಲಿ ಕಿಟಕಿ ಹಿಡಿದು ಕೂರುವ ಮಗನಿಗೆ ಇದು ಎಷ್ಟು ಸೋಜಿಗ ಅಂತ ನೀವೇ ಊಹಿಸಿ.

ನನಗೆ ಹಿಮ. ಬೆಟ್ಟಕ್ಕೆ ನಮ್ಮಲ್ಲಿ ಬರವಿಲ್ಲ. ಮಳೆ, ಮಂಜು, ಕಾಡು ಎಲ್ಲ ಇದೆ. ಆದರೆ ಬಿಸಿಲಲ್ಲಿ ಬೆಳ್ಳಗೆ ಹೊಳೆಯುವ ಬೆಟ್ಟ ಇಲ್ಲ. 8,586 ಮೀಟರ್ ಎತ್ತರದ ಕಾಂಚನಜುಂಗಾ ಪ್ರಪಂಚದಲ್ಲೇ ಮೂರನೇ ಎತ್ತರದ ಶಿಖರ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇನ್ನೂ ಮರೆತಿಲ್ಲ. ಅದನ್ನು ಹತ್ತುವುದು ಬೇಡ, ಪೇಟೆಯ ರಸ್ತೆಯಲ್ಲಿ ನಿಂತು ಚಹಾ ಕುಡಿಯುತ್ತಾ ನೋಡಬಹುದು ಅಂತ ಗೊತ್ತಾದಾಗ, ಇದು ನನ್ನ ಕೈಗೂ ಸಿಗುವಂಥದ್ದೇ ಅನಿಸಿತು.

ಆಗ ಲೆಕ್ಕ ಹಾಕಿದೆವು. ಹುಬ್ಬಳ್ಳಿಯಿಂದ ಕೋಲ್ಕತ್ತಾ ಕಡೆಗೆ ಅಮರಾವತಿ ಎಕ್ಸ್‌ಪ್ರೆಸ್ ಇದೆ, ಹೆಚ್ಚುಕಡಿಮೆ ಒಂದೂವರೆ ದಿನದ ದಾರಿ. ಅಲ್ಲಿ ಸಿಯಾಲ್ದಾ ಸ್ಟೇಷನ್ನಿನಿಂದ ರಾತ್ರಿ ಡಾರ್ಜಿಲಿಂಗ್ ಮೇಲ್ ಹತ್ತಿದರೆ ಬೆಳಿಗ್ಗೆ ನ್ಯೂ ಜಲ್ಪೈಗುರಿ. ಅಲ್ಲಿಂದ ಘಾಟಿ. ಅತ್ತೆ ಇರುವುದರಿಂದ ಥರ್ಡ್ ಎಸಿ. ಐದು ಜನ ಹೋಗಿ ಬರೋಕೆ ರೈಲಿಗೇ 30,000ದಿಂದ 35,000. ಮೊದಲಾದರೆ 58 ದಾಟಿದ ಹೆಂಗಸರಿಗೆ ರೈಲಲ್ಲಿ ಅರ್ಧ ದರ ಇತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಅದನ್ನು ನಿಲ್ಲಿಸಿದರು, ಮತ್ತೆ ಶುರು ಮಾಡಲಿಲ್ಲ. ಹಾಗಾಗಿ ಅತ್ತೆಗೂ ಪೂರ್ತಿ ಟಿಕೆಟ್. ಹೋಮ್‌ಸ್ಟೇಯಲ್ಲಿ ಎರಡು ರೂಮು, ಗಾಡಿ ಬಾಡಿಗೆ, ಊಟ, ಎಲ್ಲರಿಗೂ ಸ್ವೆಟರು, ಅತ್ತೆಗೆ ಒಳ್ಳೆ ಶೂ. ಎಲ್ಲ ಸೇರಿ 1,20,000. ಶಿರಸಿಯಿಂದ ಹುಬ್ಬಳ್ಳಿಯ ಬಸ್ಸಿಗೆ ಮಾತ್ರ ಶಕ್ತಿ ಯೋಜನೆ ಇರುವುದರಿಂದ ನಾವು ಮೂವರು ಹೆಂಗಸರಿಗೆ ಟಿಕೆಟ್ ಇಲ್ಲ.

ಒಂದು ಲಕ್ಷದ ಇಪ್ಪತ್ತು ಸಾವಿರ. ಬರೆದ ಚೀಟಿಯನ್ನು ಸ್ವಲ್ಪ ಹೊತ್ತು ಯಾರೂ ಮುಟ್ಟಲಿಲ್ಲ.

ಅಂಗಡಿಗೆ ಬರುವ ಒಬ್ಬರು ಸಾಲ ಮಾಡಿ ಹೊರದೇಶಕ್ಕೆ ಹೋಗಿ ಬಂದಿದ್ದರು. ಈಗ ಫೋನಲ್ಲೇ ಸಾಲ ಸಿಗುತ್ತದೆ, ಈಗ ಹೋಗಿ ಆಮೇಲೆ ಕಟ್ಟಿ ಅಂತ ಜಾಹೀರಾತು ಬರುತ್ತಲೇ ಇರುತ್ತದೆ. ಮಗಳ ಕೈಲಿ ಲೆಕ್ಕ ಮಾಡಿಸಿದೆ. 1,20,000 ಸಾಲ ತೆಗೆದು, ವರ್ಷಕ್ಕೆ 14 ಪರ್ಸೆಂಟ್ ಬಡ್ಡಿಯಲ್ಲಿ ಎರಡು ವರ್ಷ ಕಟ್ಟಿದರೆ ತಿಂಗಳಿಗೆ ಸುಮಾರು 5,760 ರೂಪಾಯಿ. ಬಡ್ಡಿಯೇ 18,000ಕ್ಕಿಂತ ಜಾಸ್ತಿ. ನಾಲ್ಕು ದಿನ ಹೋಮ್‌ಸ್ಟೇಗೆ ನಾವು ಬರೆದಿಟ್ಟ ದುಡ್ಡು ಹೆಚ್ಚುಕಡಿಮೆ ಅಷ್ಟೇ! ಮತ್ತೆ, ಆಷಾಢದಲ್ಲಿ ಆ ಕಂತು ಎಲ್ಲಿಂದ ತರುವುದು? ಪ್ರವಾಸ ಮುಗಿಸಿ ಬಂದು, ಬಟ್ಟೆ ಒಗೆದು, ಸ್ವೆಟರು ಮಡಚಿ ಇಟ್ಟ ಮೇಲೂ ಎರಡು ವರ್ಷ ಅದಕ್ಕಾಗಿ ದುಡಿಯುತ್ತಲೇ ಇರಬೇಕು. ಬಡ್ಡಿಗಿಂತ ನನಗೆ ಅದೇ ಬೇಸರ. ಮುಂಚೆ ದುಡಿದರೆ ಕಾಯುತ್ತಾ ದುಡಿಯುತ್ತೇವೆ. ಆಮೇಲೆ ದುಡಿದರೆ ಬರೀ ತೀರಿಸುತ್ತೇವೆ. ಎರಡರಲ್ಲೂ ಬೆವರು ಅಷ್ಟೇ, ಆದರೆ ಮನೆಯೊಳಗಿನ ಮಾತುಕತೆಯೇ ಬೇರೆ ಥರ ಇರುತ್ತದೆ.

ಹಾಗಾಗಿ ಪಿಗ್ಮಿ.

ಕರಾವಳಿ, ಮಲೆನಾಡಿನವರಿಗೆ ಪಿಗ್ಮಿ ಬಗ್ಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ದಿನಾ ಒಬ್ಬರು ಅಂಗಡಿಗೇ, ಮನೆಗೇ ಬಂದು, ನಮ್ಮ ಕೈಲಾದಷ್ಟು ದುಡ್ಡು ತೆಗೆದುಕೊಂಡು ಹೋಗಿ ನಮ್ಮ ಖಾತೆಗೆ ಹಾಕುತ್ತಾರೆ. 1928ರಲ್ಲಿ ಇದನ್ನು ಶುರು ಮಾಡಿದ್ದು ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 1925ರಲ್ಲಿ ಕಟ್ಟಿದ್ದು. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲಿ ಅಂತ ಹುಟ್ಟಿದ ಬ್ಯಾಂಕು ಅದು. ಪಿಗ್ಮಿಗೆ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತಂತೆ. ಬ್ಯಾಂಕಿಗೆ ಹೋಗಲು ಹೊತ್ತಿಲ್ಲದ, ಹೋದರೂ ಒಳಗೆ ಹೋಗಲು ಹಿಂಜರಿಯುವ ಜನರ ಹತ್ತಿರಕ್ಕೆ ಬ್ಯಾಂಕೇ ನಡೆದು ಬರಬೇಕು ಅಂತ ಯೋಚಿಸಿದರಲ್ಲ, ಅದು ನನಗೆ ಬಹಳ ದೊಡ್ಡ ವಿಷಯ. ಈಗ ನಮ್ಮ ಕಡೆ ಸೊಸೈಟಿಗಳೂ ಪಿಗ್ಮಿ ನಡೆಸುತ್ತವೆ. ನನ್ನದು ಅಂಥ ಒಂದು ಸೊಸೈಟಿಯಲ್ಲಿ.

ಬಡ್ಡಿ ಲೆಕ್ಕ ನೋಡಿದರೆ ಪೋಸ್ಟ್ ಆಫೀಸಿನ ಆರ್‌ಡಿ, ಅಂದರೆ ತಿಂಗಳು ತಿಂಗಳು ಇಷ್ಟು ಅಂತ ಕಟ್ಟುವ ಖಾತೆ, ಮೇಲು. ಅಲ್ಲಿ ತಿಂಗಳಿಗೆ 100 ರೂಪಾಯಿಂದ ಶುರು ಮಾಡಬಹುದು. 2023ರ ಅಕ್ಟೋಬರ್‌ನಲ್ಲಿ ಬಡ್ಡಿಯನ್ನು 6.7 ಪರ್ಸೆಂಟ್ ಮಾಡಿದರು. ಆ ಬಡ್ಡಿಯಲ್ಲಿ ತಿಂಗಳಿಗೆ 1,000ದಂತೆ ಐದು ವರ್ಷ ಕಟ್ಟಿದರೆ 60,000 ಹೋಗಿ 71,000 ಚಿಲ್ಲರೆ ಬರುತ್ತದೆ. ಸಂಬಳದವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ತಿಂಗಳ ಕೊನೆಗೆ ಒಟ್ಟಿಗೆ 2,500 ತೆಗೆದಿಡುವುದು ನನ್ನಿಂದ ಆಗುವ ಕೆಲಸ ಅಲ್ಲ. ದಿನಕ್ಕೆ 100 ಆಗುತ್ತದೆ. ಸಂಜೆ ನಾಲ್ಕರ ಸುಮಾರಿಗೆ ಪಿಗ್ಮಿಯವರ ಸ್ಕೂಟರ್ ಅಂಗಡಿ ಮುಂದೆ ನಿಲ್ಲುತ್ತದೆ. ಮಳೆಗಾಲದಲ್ಲಿ ರೇನ್‌ಕೋಟಿನ ಒಳಗಿಂದ ಪ್ಲಾಸ್ಟಿಕ್ ಚೀಲ, ಅದರ ಒಳಗಿಂದ ಸಣ್ಣ ಮಷಿನ್ ತೆಗೆಯುತ್ತಾರೆ. "ಅಕ್ಕಾ, ಇವತ್ತು ಎಷ್ಟು?" ಅನ್ನುತ್ತಾರೆ. ನಾನು ಹೊಲಿಗೆ ನಿಲ್ಲಿಸದೆ ಡ್ರಾಯರ್ ಎಳೆದು ಕೊಡುತ್ತೇನೆ. ಕಿರ್ ಅಂತ ಚೀಟಿ ಬರುತ್ತದೆ. ಎರಡು ನಿಮಿಷದ ಕೆಲಸ. ಕೈಯಲ್ಲಿ ಏನೂ ಇಲ್ಲದ ದಿನ "ನಾಳೆ ಬನ್ನಿ" ಅಂದರೆ ಅವರ ಮುಖದಲ್ಲಿ ಏನೂ ಬದಲಾಗುವುದಿಲ್ಲ. ಕಂತಿನವರು ಹಾಗಲ್ಲ ಅಲ್ವಾ? ಭಾನುವಾರ, ಹಬ್ಬ, ಏನೂ ಇಲ್ಲದ ದಿನ ಎಲ್ಲ ಕಳೆದರೂ ವರ್ಷಕ್ಕೆ 25,000 ಮೇಲೆ ಸೇರುತ್ತದೆ.

ಅಷ್ಟರಲ್ಲೇ ಹೋದರೆ ಐದು ವರ್ಷ ಬೇಕು. ಅಷ್ಟು ಹೊತ್ತಿಗೆ ಮಗಳು ಎಲ್ಲಿರುತ್ತಾಳೋ. ಹಾಗಾಗಿ ಪ್ರವಾಸಕ್ಕೆ ಅಂತಲೇ ಒಂದು ಬೇರೆ ದುಡಿಮೆ ಬೇಕಿತ್ತು. ನಾನು ಕುಚ್ಚು ಕಟ್ಟುವುದನ್ನು ಅದಕ್ಕೆ ಮೀಸಲಿಟ್ಟೆ.

ರೇಷ್ಮೆ ಸೀರೆಯ ಸೆರಗಿಗೆ ಕಟ್ಟುವ ಕುಚ್ಚು. ಮೊದಲು ನಾನು ಅದನ್ನು ಬೇರೆಯವರಿಗೆ ಕೊಡುತ್ತಿದ್ದೆ, ಬ್ಲೌಸಿನಲ್ಲೇ ಕೈ ತುಂಬ ಕೆಲಸ ಇತ್ತು. ಕುಚ್ಚು ಕೂತು ಮಾಡುವ ಕೆಲಸ. ಸೆರಗಿನ ತುದಿಗೆ ಒಂದೇ ಅಂತರದಲ್ಲಿ ಗುರುತು ಮಾಡಿಕೊಳ್ಳಬೇಕು. ಸೀರೆಯ ಬಣ್ಣದ ರೇಷ್ಮೆ ದಾರವನ್ನು ಹತ್ತಾರು ಎಳೆ ಸೇರಿಸಿ, ಸೂಜಿಯಲ್ಲಿ ಅಂಚಿನೊಳಗೆ ತೂರಿಸಿ, ಮಡಚಿ, ಮೇಲೆ ಜರಿ ದಾರ ಬಿಗಿಯಾಗಿ ಸುತ್ತಿ ಗಂಟು ಹಾಕಬೇಕು. ಗಂಟು ಸಡಿಲಾದರೆ ಎರಡೇ ಸಲ ಉಟ್ಟಾಗ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಎಲ್ಲ ಕುಚ್ಚುಗಳ ತುದಿಯನ್ನೂ ಒಂದೇ ಮಟ್ಟಕ್ಕೆ ಕತ್ತರಿಸಬೇಕು, ಕತ್ತರಿ ಹರಿತ ಇಲ್ಲದಿದ್ದರೆ ದಾರ ಸೀಳುತ್ತದೆ. ಸಾದಾ ಕುಚ್ಚಾದರೆ ಒಂದು ರಾತ್ರಿ. ಮಣಿ ಹಾಕಿ ಕ್ರೋಶಾ ಕಡ್ಡಿಯಲ್ಲಿ ಹೆಣೆಯುವುದಾದರೆ ಮೂರ್ನಾಲ್ಕು ರಾತ್ರಿ, ಅದಕ್ಕೆ ದುಡ್ಡೂ ಹಾಗೇ. ಊಟ ಆದ ಮೇಲೆ ಟಿವಿ ಮುಂದೆ ಕೂತು ಕಟ್ಟುತ್ತೇನೆ. ಮಗಳು ಎಳೆ ಎಣಿಸಿ ಕೊಡುತ್ತಾಳೆ. ಅತ್ತೆ ಕಣ್ಣಿನ ಆಪರೇಷನ್ ಆದ ಮೇಲೆ ಬಣ್ಣ ಹೊಂದಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮಾವಿನಕಾಯಿ ಹಸಿರಿಗೆ ಯಾವ ಕೆಂಪು ಒಪ್ಪುತ್ತದೆ ಅಂತ ಅವರನ್ನೇ ಕೇಳುವುದು.

ಪಿಗ್ಮಿಗೆ ಕೊಟ್ಟು ಉಳಿದ ಹೊಲಿಗೆಯ ದುಡ್ಡು ಮನೆಗೆ. ಕುಚ್ಚಿನ ದುಡ್ಡು ಡಾರ್ಜಿಲಿಂಗಿಗೆ. ಇದನ್ನು ಎಲ್ಲರಿಗೂ ಹೇಳಿ ಮಾಡಿದೆ. ನಮ್ಮಮ್ಮನ ಕಾಲದ ಹೆಂಗಸರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಮುಚ್ಚಿಡುತ್ತಿದ್ದರು. ಆ ದುಡ್ಡು ಎಷ್ಟೋ ಮನೆ ಉಳಿಸಿದೆ, ಅದರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಅದು ಮುಚ್ಚಿಟ್ಟ ದುಡ್ಡಾದ್ದರಿಂದ ಕಷ್ಟ ಬಂದ ದಿನ ಹೊರಗೆ ಬರಲೇಬೇಕಿತ್ತು. ಅಮ್ಮ ತನಗೆ ಅಂತ ಆ ಡಬ್ಬಿಯಿಂದ ಒಂದು ರೂಪಾಯಿ ತೆಗೆದದ್ದು ನಾನು ನೋಡಿಲ್ಲ. ಗುಟ್ಟಾಗಿ ಇಟ್ಟ ದುಡ್ಡಿಗೆ ಇದು ಇಂಥದ್ದಕ್ಕೆ ಅಂತ ಹೇಳಿಕೊಳ್ಳಲು ಬಾಯಿ ಇರುವುದಿಲ್ಲ.

ನಮ್ಮ ಅಜ್ಜಿ ಇನ್ನೊಂದು ರೀತಿ ಮಾಡುತ್ತಿದ್ದರು. ತಿರುಪತಿ ತಿಮ್ಮಪ್ಪನಿಗೆ ಮುಡಿಪು ಕಟ್ಟುತ್ತಿದ್ದರು. ಅರಿಶಿನ ಹಚ್ಚಿದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದೆ ಇಟ್ಟರೆ ಮುಗಿಯಿತು. ಮನೆಯಲ್ಲಿ ಅಕ್ಕಿ ಇಲ್ಲದಿದ್ದರೂ ಅದಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಸಾಲ ತರುತ್ತಿದ್ದರೇ ಹೊರತು ಆ ಗಂಟು ಬಿಚ್ಚುತ್ತಿರಲಿಲ್ಲ. ದೇವರ ದುಡ್ಡಿಗೂ ಪ್ರವಾಸದ ದುಡ್ಡಿಗೂ ಸಮ ಅಂತ ನಾನು ಹೇಳುತ್ತಿಲ್ಲ. ಆದರೆ ಅಜ್ಜಿಗೆ ಗೊತ್ತಿದ್ದ ಸಂಗತಿ ಇದು: ಎಲ್ಲರ ಕಣ್ಣೆದುರು ಇದು ಇಂಥದ್ದಕ್ಕೆ ಅಂತ ಹೇಳಿ ತೆಗೆದಿಟ್ಟ ದುಡ್ಡು ಉಳಿಯುತ್ತದೆ. ಸುಮ್ನೆ "ಉಳಿತಾಯ" ಅಂತ ಇಟ್ಟದ್ದು ಗೃಹಪ್ರವೇಶದ ಮುಯ್ಯಿಗೋ, ಫ್ರಿಜ್ ರಿಪೇರಿಗೋ ಕರಗುತ್ತದೆ. ನಮ್ಮ ಪಿಗ್ಮಿ ಪಾಸ್‌ಬುಕ್ಕಿನ ರಟ್ಟಿನ ಮೇಲೆ ಮಗ ಸ್ಕೆಚ್ ಪೆನ್ನಿನಲ್ಲಿ ಡಾರ್ಜಿಲಿಂಗ್ ಅಂತ ದೊಡ್ಡದಾಗಿ ಬರೆದು, ಕೆಳಗೆ ಒಂದು ಎಂಜಿನ್ ಬಿಡಿಸಿದ್ದಾನೆ.

ಅತ್ತೆ ಮೊದಲು ಒಪ್ಪಲಿಲ್ಲ, ಅದನ್ನೂ ಹೇಳಬೇಕು. ಅವರದು ಕಾಶಿ. "ಅಷ್ಟು ದೂರ ಹೋಗೋದಾದ್ರೆ ಕಾಶಿಗೆ ಹೋಗಿ ಬರಬಾರ್ದನೇ? ಪುಣ್ಯನಾದ್ರೂ ಬರ್ತದೆ" ಅಂದರು. ಅವರ ಮಾತಲ್ಲಿ ಲೆಕ್ಕವೂ ಇತ್ತು. ಕಾಶಿ ಯಾತ್ರೆಗೆ ನಮ್ಮ ಸರ್ಕಾರ ಸಹಾಯಧನ ಕೊಡುತ್ತದೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ರೈಲು ಹೊರಟಾಗ 20,000ದ ಪ್ಯಾಕೇಜಿನಲ್ಲಿ 5,000 ಸರ್ಕಾರವೇ ಕೊಟ್ಟಿತ್ತು. ಡಾರ್ಜಿಲಿಂಗಿಗೆ ಯಾರು ಕೊಡುತ್ತಾರೆ? ನಾನು ವಾದ ಮಾಡಲಿಲ್ಲ. ಅತ್ತೆಗೆ ಕಾಶಿ ನೋಡಬೇಕು ಅನ್ನುವುದು ನನಗೆ ಹಿಮ ನೋಡಬೇಕು ಅನ್ನುವಷ್ಟೇ ನಿಜ. ಅದಕ್ಕೆ ಬೇರೆ ಖಾತೆ ಮಾಡೋಣ ಅಂದೆ. ಗೃಹಲಕ್ಷ್ಮಿಯ 2,000 ಅವರ ಹೆಸರಿಗೇ ಬರುತ್ತದೆ, ರೇಷನ್ ಕಾರ್ಡಿನಲ್ಲಿ ಅವರೇ ಯಜಮಾನಿ. ಅದರಲ್ಲಿ 500 ಕಾಶಿಗೆ ಅಂತ ಅವರೇ ಆರ್‌ಡಿ ಶುರು ಮಾಡಿಸಿದರು.

ಅವರ ಮನಸ್ಸು ತಿರುಗಿದ್ದು ನನ್ನ ಮಾತಿನಿಂದಲ್ಲ, ಮಗ ಓದಿ ಹೇಳಿದ ಒಂದು ಸಂಗತಿಯಿಂದ. 1955ರ ಮೇ 25ರಂದು ಇಬ್ಬರು ಬ್ರಿಟಿಷರು, ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್, ಮೊದಲ ಸಲ ಕಾಂಚನಜುಂಗಾ ಹತ್ತಿದರು. ಆದರೆ ಪೂರ್ತಿ ತುದಿಗೆ ಕಾಲಿಡಲಿಲ್ಲ. ಸಿಕ್ಕಿಂನ ಜನರಿಗೆ ಆ ಬೆಟ್ಟ ದೇವರು. ತುದಿ ತುಳಿಯುವುದಿಲ್ಲ ಅಂತ ಅಲ್ಲಿನ ರಾಜರಿಗೆ ಮಾತು ಕೊಟ್ಟಿದ್ದರು, ಹಾಗೇ ಕೆಲವೇ ಅಡಿ ಕೆಳಗೆ ನಿಂತು ವಾಪಸ್ ಬಂದರು. ಆಮೇಲೆ ಹತ್ತಿದ ಎಷ್ಟೋ ಜನ ಅದನ್ನೇ ಪಾಲಿಸಿದ್ದಾರೆ. ಅತ್ತೆ ಹೂ ಕಟ್ಟುತ್ತಿದ್ದವರು ಕೈ ನಿಲ್ಲಿಸಿ, "ಅಷ್ಟು ದೂರ ಹತ್ತಿ ಹೋಗಿ ಬಿಟ್ಟು ಬಂದ್ರಾ?" ಅಂತ ಮತ್ತೆ ಕೇಳಿದರು. ಅವತ್ತು ರಾತ್ರಿ, ತಾನೂ ಬರುತ್ತೇನೆ, ತನಗೆ ಶೂ ಬೇಡ, ಸಾಕ್ಸ್ ಮೇಲೆ ಚಪ್ಪಲಿ ಸಾಕು ಅಂದರು. ಶೂ ಲೆಕ್ಕದಲ್ಲಿ ಹಾಗೇ ಇದೆ.

ಕೂಡಿಡಲು ಹಿಡಿದ ಈ ಕಾಲದಲ್ಲಿ ಮನೆಯಲ್ಲಿ ಇಂಥ ಎಷ್ಟೋ ಮಾತು ಬಂದು ಸೇರಿಕೊಂಡಿವೆ. ಎವರೆಸ್ಟ್ ಹತ್ತಿದ ತೇನ್ಸಿಂಗ್ ಅವರ ಮನೆ ಡಾರ್ಜಿಲಿಂಗಿನಲ್ಲೇ ಇತ್ತು, ಅಲ್ಲಿನ ಪರ್ವತಾರೋಹಣ ಸಂಸ್ಥೆ 1954ರಲ್ಲಿ ಶುರುವಾಯಿತು, ಅದರ ಪಕ್ಕದ ಝೂನಲ್ಲಿ ಕೆಂಪು ಪಾಂಡಾ ಇದೆ ಅನ್ನುವುದೆಲ್ಲ ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ವಸಂತದ ಮೊದಲ ಕೊಯ್ಲಿನ ಚಹಾ ತಿಳಿ ಬಣ್ಣದ್ದು, ಹಾಲು ಹಾಕಬಾರದು ಅಂತ ಮಗಳು ಓದಿದ್ದಾಳೆ. ದುಡ್ಡು ಒಮ್ಮೆಲೇ ಕೈಗೆ ಬಂದಿದ್ದರೆ ನಾವು ಇದೆಲ್ಲ ತಿಳಿದುಕೊಳ್ಳುತ್ತಿರಲಿಲ್ಲ. ಹೋಗಿ, ನಾಲ್ಕು ಫೋಟೋ ಹೊಡೆದು ಬರುತ್ತಿದ್ದೆವು.

ಕಷ್ಟದ ದಿನ ಬಂದೇ ಬಂತು. ಗಾಡಿಯ ಎಂಜಿನ್ ಕೆಟ್ಟು ರಿಪೇರಿಗೆ ಬಂತು. 40,000 ಬೇಕು ಅಂದರು. ಗಾಡಿ ನಿಂತರೆ ಅರ್ಧ ದುಡಿಮೆ ನಿಂತಹಾಗೆ. ನಮ್ಮನೆಯವರು ಏನೂ ಹೇಳಲಿಲ್ಲ, ಪಾಸ್‌ಬುಕ್ ಮಾತ್ರ ಟೇಬಲ್ ಮೇಲೆ ಇಟ್ಟರು. ಅವರಿಗೂ ಮನಸ್ಸಿರಲಿಲ್ಲ. ಇಂಥ ಹೊತ್ತಲ್ಲಿ ಪಿಗ್ಮಿ ಮುರಿಸುವುದು ಎಲ್ಲರೂ ಮಾಡುವ ಕೆಲಸ, ತಪ್ಪೂ ಅಲ್ಲ. ಆದರೆ ಅವಧಿಗೆ ಮುಂಚೆ ಮುರಿಸಿದರೆ ಬಡ್ಡಿ ಹೋಗುತ್ತದೆ. ಅದಕ್ಕಿಂತ ಮುಖ್ಯ, ಒಮ್ಮೆ ಮುರಿದದ್ದನ್ನು ಮತ್ತೆ ಮೊದಲಿಂದ ಕಟ್ಟುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ. ಇಂಥ ಅರ್ಧಕ್ಕೆ ನಿಂತ ಪಿಗ್ಮಿಗಳ ಕತೆ ಅಂಗಡಿಗೆ ಬರುವ ಹೆಂಗಸರ ಬಾಯಲ್ಲಿ ಬೇಕಾದಷ್ಟು ಕೇಳಿದ್ದೇನೆ.

ನಾವು ಪಿಗ್ಮಿ ಮೇಲೆ ಸಾಲ ತೆಗೆದೆವು. ಕಟ್ಟಿದ ದುಡ್ಡಿನ ಒಂದು ಪಾಲನ್ನು ಸೊಸೈಟಿಯವರು ಸಾಲ ಕೊಡುತ್ತಾರೆ. ಜಾಮೀನುದಾರರು ಬೇಕಿಲ್ಲ, ನಮ್ಮ ಪಿಗ್ಮಿಯೇ ಜಾಮೀನು. ಬಡ್ಡಿ ನಮಗೆ ಸಿಗುವುದಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಖಾತೆ ಮುರಿಯುವುದಿಲ್ಲ, ದಿನದ 100 ನಿಲ್ಲುವುದಿಲ್ಲ. ಗಾಡಿ ರಿಪೇರಿಯಾಗಿ ಬಂದ ಮೇಲೆ ಬಾಡಿಗೆ ದುಡ್ಡಿಂದ ಆ ಸಾಲ ತೀರಿತು. ಮನೆ ಡಾರ್ಜಿಲಿಂಗಿನ ಹತ್ತಿರ ಸಾಲ ಮಾಡಿ, ವಾಪಸ್ ಕೊಟ್ಟಹಾಗೆ ಆಯಿತು. ಬ್ಯಾಂಕಿನ ಲೆಕ್ಕದಲ್ಲಿ ಇದಕ್ಕೂ ಮುರಿಸುವುದಕ್ಕೂ ಹೆಚ್ಚು ವ್ಯತ್ಯಾಸ ಕಾಣದೇ ಇರಬಹುದು. ಮನೆಯ ಲೆಕ್ಕದಲ್ಲಿ ಬಹಳ ಇದೆ. ಮಕ್ಕಳು ನೋಡುತ್ತಿರುತ್ತಾರೆ. ಕಷ್ಟ ಬಂದಾಗ ಮೊದಲು ಹೋಗುವುದು ನಮ್ಮ ಆಸೆಯೇ ಅಂತ ಅವರು ಕಲಿಯುವುದು ನನಗೆ ಇಷ್ಟ ಇಲ್ಲ.

ಒಂದಕ್ಕೆ ಮಾತ್ರ ಮುರಿಸುವುದು ಅಂತ ಮೊದಲೇ ಮಾತಾಡಿಕೊಂಡಿದ್ದೇವೆ. ಆಸ್ಪತ್ರೆ. ಅದಕ್ಕೆ ಎರಡನೇ ಯೋಚನೆ ಇಲ್ಲ. ಉಳಿದದ್ದಕ್ಕೆಲ್ಲ ಬೇರೆ ದಾರಿ ಹುಡುಕಬೇಕು. ಇದನ್ನು ದುಡ್ಡು ಸೇರಿದ ಮೇಲೆ ಅಲ್ಲ, ಖಾತೆ ತೆರೆದ ದಿನವೇ ಮಾತಾಡಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಯಾವಾಗ ಹೋಗುವುದು ಅನ್ನುವುದೂ ದುಡ್ಡಿನ ವಿಷಯವೇ. ಮಕ್ಕಳಿಗೆ ದಸರಾ ರಜೆ ಇರುತ್ತದೆ, ಹಾಗಾಗಿ ಮೊದಲು ಅಕ್ಟೋಬರ್ ಅಂದುಕೊಂಡಿದ್ದೆವು. ಆದರೆ ಬಂಗಾಳದವರ ದುರ್ಗಾಪೂಜೆಯೂ ಆಗಲೇ. ರೂಮು, ಗಾಡಿ ಎಲ್ಲದರ ದರ ಮೇಲೆ ಹೋಗುತ್ತದೆ. ಮತ್ತೆ 2025ರ ಅಕ್ಟೋಬರ್ ಮೊದಲ ವಾರದಲ್ಲಿ ಡಾರ್ಜಿಲಿಂಗ್ ಸುತ್ತ ಒಂದೇ ರಾತ್ರಿಯ ಮಳೆಗೆ ಗುಡ್ಡ ಕುಸಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ದುಧಿಯಾ ಅನ್ನುವಲ್ಲಿ ಸೇತುವೆಯೇ ಮುರಿದು ಬಿತ್ತು. ಟಿವಿಯಲ್ಲಿ ಅದನ್ನು ನೋಡುವಾಗ ಮನೆಯಲ್ಲಿ ಯಾರೂ ಪ್ರವಾಸದ ಮಾತೆತ್ತಲಿಲ್ಲ. 2024ರ ಜುಲೈನಲ್ಲಿ ನಮ್ಮದೇ ಜಿಲ್ಲೆಯ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದದ್ದನ್ನು ಕಂಡವರು ನಾವು. ಆ ದಾರಿಯಲ್ಲಿ ನಮ್ಮನೆಯವರು ಎಷ್ಟೋ ಸಲ ಗಾಡಿ ಓಡಿಸಿದ್ದಾರೆ. ಗುಡ್ಡದ ಊರಿನವರ ಕಷ್ಟ ಗುಡ್ಡದ ಊರಿನವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿನ ಗಾಡಿಯವರು, ಹೋಮ್‌ಸ್ಟೇಯವರು ಬದುಕುವುದು ನಮ್ಮಂಥವರು ಹೋದರೆ. ಆದ್ದರಿಂದ ಹೋಗುವುದು ಬಿಡಲಿಲ್ಲ, ಕಾಲ ಬದಲಿಸಿದೆವು. ಬರುವ ದೀಪಾವಳಿ ಕಳೆದು, ನವೆಂಬರ್‌ನಲ್ಲಿ. ಆಗ ಮಳೆ ಇರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ, ಬೆಟ್ಟ ಕಾಣುವುದು ಆಗಲೇ ಹೆಚ್ಚು. ಮಕ್ಕಳಿಗೆ ಸ್ವಲ್ಪ ದಿನ ಶಾಲೆ, ಕಾಲೇಜು ತಪ್ಪುತ್ತದೆ. ತಪ್ಪಲಿ. ನಾನೇ ಹೋಗಿ ಮೇಷ್ಟ್ರಿಗೆ ಹೇಳುತ್ತೇನೆ.

ರೈಲ್ವೆಯವರು 2024ರ ನವೆಂಬರ್‌ನಿಂದ ಮುಂಗಡ ಬುಕಿಂಗನ್ನು 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ಟಿಕೆಟ್ ಸಿಗುತ್ತದೋ ಇಲ್ಲವೋ ಅಂತ ಎಲ್ಲರಿಗೂ ಚಿಂತೆಯಾಗಿತ್ತು. ಕೂಡಿಡುವವರಿಗೆ ಮಾತ್ರ ಇದು ಅನುಕೂಲವೇ ಆಯಿತು. ಟಿಕೆಟ್ ದುಡ್ಡು ನಾಲ್ಕು ತಿಂಗಳು ಮುಂಚೆ ಕೊಡಬೇಕಿಲ್ಲ, ಎರಡು ತಿಂಗಳು ಮುಂಚೆ ಸಾಕು. ನಡುವಿನ ಎರಡು ತಿಂಗಳು ಗಣಪತಿ ಹಬ್ಬದ ಬ್ಲೌಸುಗಳ ಕಾಲ. ಸೆಪ್ಟೆಂಬರ್‌ನಲ್ಲಿ ಆ ದಿನ ಬೆಳಿಗ್ಗೆ ಎಂಟಕ್ಕೆ ಮಗಳು ಫೋನ್ ಹಿಡಿದು ಕೂರುತ್ತಾಳೆ. ಅತ್ತೆಗೆ ಕೆಳಗಿನ ಬರ್ತ್ ಸಿಗಬೇಕು, ಅದೊಂದೇ ನನ್ನ ಚಿಂತೆ.

ಈಗ ನಮ್ಮಲ್ಲಿ ಚರ್ಚೆ ನಡೆದಿರುವುದು ಟೈಗರ್ ಹಿಲ್ ಬಗ್ಗೆ. ಎಲ್ಲರೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಗಾಡಿ ಮಾಡಿಕೊಂಡು ಅಲ್ಲಿಗೆ ಹೋಗಿ ಸೂರ್ಯ ಹುಟ್ಟುವುದನ್ನು ನೋಡುತ್ತಾರೆ. ಅಷ್ಟು ಚಳಿಯಲ್ಲಿ, ಅಷ್ಟು ಜನರ ನಡುವೆ ಅತ್ತೆಯನ್ನು ನಿಲ್ಲಿಸುವುದು ನನಗೆ ಬೇಡ. ಅವರನ್ನು ರೂಮಿನಲ್ಲಿ ಬಿಟ್ಟು ನಾವಷ್ಟೇ ಹೋಗುವುದೂ ಬೇಡ. ಬೆಟ್ಟಕ್ಕೆ ಮುಖ ಮಾಡಿದ ಕಿಟಕಿಯ ರೂಮು ಸಿಕ್ಕರೆ ಎಲ್ಲರೂ ಕಂಬಳಿ ಹೊದ್ದು ಅಲ್ಲಿಂದಲೇ ನೋಡುತ್ತೇವೆ. ಆ ಗಾಡಿ ದುಡ್ಡು ಉಳಿಯುತ್ತದೆ. ಪುಟಾಣಿ ರೈಲಿನಲ್ಲಿ ಡಾರ್ಜಿಲಿಂಗಿನಿಂದ ಘೂಮ್‌ಗೆ ಹೋಗಿ ಬರುವ ಸವಾರಿಗೆ ಡೀಸೆಲ್ ಎಂಜಿನ್ನಿನದ್ದಾದರೆ ಒಬ್ಬರಿಗೆ ಸಾವಿರದ ಆಸುಪಾಸು, ಕಲ್ಲಿದ್ದಲಿನ ಉಗಿ ಎಂಜಿನ್ನಿನದ್ದಾದರೆ ಸಾವಿರದೈನೂರರ ಆಸುಪಾಸು. ದಾರಿ ಒಂದೇ, ಹಳಿ ಸುತ್ತು ಹೊಡೆಯುವ ಬತಾಸಿಯಾ ಅನ್ನುವ ಜಾಗದಲ್ಲಿ ಎರಡೂ ನಿಲ್ಲುತ್ತವೆ, ಡೀಸೆಲ್ ಸಾಕು ಅಂತ ನಮ್ಮನೆಯವರು ಲೆಕ್ಕ ಬರೆದಿದ್ದರು. ಮಗ ಏನೂ ಹೇಳದೆ ಪಾಸ್‌ಬುಕ್ಕಿನ ಮೇಲೆ ತಾನು ಬಿಡಿಸಿದ ಎಂಜಿನ್ನಿನ ಹೊಗೆಯನ್ನು ತೋರಿಸಿದ. ಉಗಿ ಎಂಜಿನ್ನಿಗೇ ಟಿಕೆಟ್ ಮಾಡುತ್ತೇವೆ. ಟೈಗರ್ ಹಿಲ್ ದುಡ್ಡು ಸೇರಿಸಿದರೂ ಬೀಳುವ ಕೊರತೆಗೆ ಈ ಆಷಾಢದಲ್ಲಿ ಇನ್ನೆರಡು ಸೀರೆಯ ಕುಚ್ಚು ಸಾಕು. ಒಂದು ಸೀರೆ ಆಗಲೇ ಬಂದಿದೆ, ನವಿಲು ಬಣ್ಣದ್ದು. ದಾರ ಆರಿಸಲು ಅತ್ತೆಗೆ ಕೊಟ್ಟಿದ್ದೇನೆ.